ತೂತು ಎಲ್ಲಿ ಹಾಕಲಿ

ಸಕಲೇಶಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ದಸ್ತಗೀರ್ ಸಾಬರು ಎರಡು ಪಟ್ಟಿ ಮುಂದಿಟ್ಟರು:
ನೈಲಾನಿನದು ಹಗುರ, ಮಳೆಗೆ ಹೆದರದು;
ತೊಗಲಿನದು ವರ್ಷವರ್ಷ ಎಣ್ಣೆ ಕೇಳುತ್ತದೆ.

"ಶಿಕಾರಿಗೋ, ಗುರಿಗೋ?"

ಶಿಕಾರಿಗಾದರೆ ಬಕಲು ಉಸಿರೆತ್ತಕೂಡದು.
ಅಪ್ಪಯ್ಯ ಹಿತ್ತಾಳೆಗೆ ಚಿಂದಿ ಸುತ್ತುತ್ತಿದ್ದ.
ಈಗೆಲ್ಲಿಯ ಶಿಕಾರಿ? ಹಂದಿಗೂ ಕಾಗದ ಬೇಕು,
ಎಲೆಕ್ಷನ್ ಬಂದರೆ ಕೋವಿ ಠಾಣೆಯಲ್ಲಿ ಮಲಗುತ್ತದೆ.

ನನ್ನದು ಗುರಿ.
ಐವತ್ತು ಮೀಟರಾಚೆ ಒಂದು ಕಪ್ಪು ಚುಕ್ಕೆ.
ಪಟ್ಟಿ ತೋಳು ಕಚ್ಚಬೇಕು; ಅತಿಯಾಯಿತೋ,
ನಾಡಿ ನಳಿಗೆಗೇರಿ
ಚುಕ್ಕೆಯೇ ಮಿಡಿಯತೊಡಗುತ್ತದೆ.

ತೊಗಲಿನದನ್ನೇ ಎತ್ತಿಕೊಂಡೆ.

"ತೂತು ಎಲ್ಲಿ ಹಾಕಲಿ, ತಾಯಿ?"

ಅಪ್ಪಯ್ಯನ ಅಳತೆ ನಾಲಿಗೆಯ ತುದಿಗೆ ಬಂದಿತ್ತು.
ತೋಳು ಚಾಚಿದೆ.
ಸಾಬರು ಬಿಗಿದು ಸುತ್ತಿ
ಹೆಬ್ಬೆರಳ ಉಗುರಲ್ಲಿ ಗೀರಿದರು.
ಗುರುತು ಪಟ್ಟಿಗೂ ಬಿತ್ತು,
ಚೂರು ನನಗೂ.