ನೂರು ಕಾಳಿನ ತೂಕ

ದಿಲ್ಲಿಯಿಂದ ತಂದ ಫಲಕವನ್ನು
ಲಾಲಬಿ ಮೊದಲು ಕೈಯಲ್ಲಿ ಹಿಡಿದು ನೋಡಿದಳು,
ಆಮೇಲೆ ನನ್ನ ಕೇಳದೆಯೇ
ಬೀಜದ ತಕ್ಕಡಿಯ ಮೇಲಿಟ್ಟಳು.
ನಾನೂರ ಹನ್ನೆರಡು ಗ್ರಾಂ.
"ಅರ್ಧ ಕಿಲೋನೂ ಇಲ್ಲಲ್ರೀ ಮೇಡಮ್ಮೋರ,
ಇದರ ಸಲುವಾಗಿ ವಿಮಾನದಾಗ ಹೋಗಿದ್ರಿ?"

ಆಳಂದ ರಸ್ತೆಯ ಬದಿಗೆ ನಮ್ಮದೊಂದು ಮಡಿ ಇದೆ,
ಬೇಕೆಂದೇ ಕೆಡಿಸಿಟ್ಟ ಕರಿಮಣ್ಣು.
ಸೊರಗಿ ಸತ್ತ ತೊಗರಿಯ ಬೇರು ಕತ್ತರಿಸಿ
ವರ್ಷವರ್ಷ ಅದಕ್ಕೇ ಉಣಿಸುತ್ತೇವೆ,
ರೋಗ ಉಪವಾಸ ಬೀಳಬಾರದೆಂದು.
ಬಿತ್ತಿದ್ದು ಮೊಣಕಾಲುದ್ದ ಬಂದು ಹಳದಿಯಾಗುತ್ತದೆ,
ಸೀಳಿದರೆ ಒಳಗೆ ಕಪ್ಪು ಗೆರೆ.
ಹಾದಿಹೋಕರು ಕೇಳುತ್ತಾರೆ:
ಸರ್ಕಾರದ ಹೊಲಕ್ಕ ಯಾರ ಕಣ್ಣು ಬಿತ್ತು?

ಅಲ್ಲೇ ಒಂದು ವರ್ಷ, ಹದಿನೇಳನೇ ಸಾಲಿನಲ್ಲಿ,
ಒಂದೇ ಒಂದು ಗಿಡ ಹಸಿರಾಗಿ ನಿಂತಿತ್ತು.
ನಾನು ರಜೆಯಲ್ಲಿದ್ದೆ.
ಲಾಲಬಿ ಸೆರಗಿನ ಅಂಚು ಹರಿದು ಗುರುತಿಗೆ ಕಟ್ಟಿ
ಆಡು ಬಾಯಿ ಹಾಕದಂತೆ ಒಂಬತ್ತು ದಿನ ಕಾಯ್ದಳು.

ಆಮೇಲೆ ಹನ್ನೊಂದು ವರ್ಷದ ಮುಂಜಾವು:
ಚಿಮಟಿಗೆಯಿಂದ ಮೊಗ್ಗು ಬಿಡಿಸಿ
ಹತ್ತೂ ಕೇಸರ ಎಣಿಸಿ ತೆಗೆದು
ಇನ್ನೊಂದು ಹೂವಿನ ಧೂಳು ಸವರಿ
ಕೆಂಪು ದಾರ.
ಹತ್ತಕ್ಕೆ ಎಂಟು ಉದುರುತ್ತಿದ್ದವು.
ನನಗೆ ದಪ್ಪ ಕನ್ನಡಕ ಬಂತು, ಕೈ ನಡುಗಿತು.
ಅವಳದು ನಡುಗಲಿಲ್ಲ.

ವೇದಿಕೆಯಲ್ಲಿ ಓದಿದ ಪತ್ರದಲ್ಲಿ
ನನ್ನ ಹೆಸರಾದ ಮೇಲೆ ಎರಡು ಪದ ಇದ್ದವು,
ಮತ್ತು ತಂಡ.
ಶಾಲು ಹೊದಿಸುವಾಗಿನ ಚಪ್ಪಾಳೆಯಲ್ಲಿ
ಅವು ಯಾರಿಗೂ ಕೇಳಿಸಲಿಲ್ಲ.
ನನಗಾದರೂ ಕೇಳಿಸಿತೆಂದು ಹೇಳಿಕೊಳ್ಳಲಾರೆ,
ನಾನೂ ಕ್ಯಾಮೆರಾ ನೋಡುತ್ತಿದ್ದೆ.

"ಏನ್ ಬರ್ದಾರ, ಓದ್ರಿ" ಅಂದಳು.
ಕನ್ನಡದಲ್ಲಿ ಓದಿ ಹೇಳಿದೆ. ಕೊನೆಗೆ ತಡವರಿಸಿದೆ.
"ತಂಡ ಅಂದ್ರ ನಾನಲ್ರೀ?"
ನೀನೇ, ಅಂದೆ.
"ಮತ್ತ ಟ್ರ್ಯಾಕ್ಟರ್ ಮಾಪಣ್ಣ?
ನೀರು ಬಿಡೋ ಹುಡುಗ? ಆ ಗಿಡ?"

ಉತ್ತರಕ್ಕೆ ಕಾಯಲಿಲ್ಲ.
ಹೊಸ ರಾಶಿಯಿಂದ ನೂರು ಕಾಳು ಎಣಿಸಿ
ಫಲಕ ಸರಿಸಿ ತಕ್ಕಡಿಗೆ ಸುರಿದಳು.
ಹತ್ತು ಪಾಯಿಂಟ್ ಮೂರು.
ಬೆರಳ ಗೆಣ್ಣಿನ ಮೇಲೆ ಏನೋ ಲೆಕ್ಕ ಹಾಕಿ
"ನಿಮ್ಮದು ನಾಕು ಸಾವಿರ ಕಾಳಾತ್ರೀ,
ಒಂದ್ ಎಕರೇಕ್ ಸಾಲಂಗಿಲ್ಲ" ಅಂದಳು.

ಬರೆದುಕೊಂಡೆ.