ಕೈಗಿಂತ ಆಳದ ಜೇಬು

ಶಾರ್ಜಾ, ರೋಲಾದ ಹಿಂದಿನ ಬೀದಿಯಲ್ಲಿ ನಮ್ಮ ಕ್ಲಿನಿಕ್ಕು.
ಬಿಲ್ಲಿನ ಕಿಟಕಿಯಲ್ಲಿ ನಾನು, ಬೆಳ್ಮಣ್ಣಿನ ಸೆವ್ರಿನ್.
ಮಗ್ರಿಬ್ ಮುಗಿಸಿ ಬರುತ್ತಾರೆ ಪೊಡಿಯಬ್ಬಾಕ,
ಕೊರಳಲ್ಲಿ ಅಳತೆಯ ಟೇಪು, ತೆಗೆಯಲು ಮರೆತದ್ದು.

ಅರುವತ್ತೆಂಟು. ಇನ್ನೂ ಕಂದೂರ ಹೊಲಿಯುತ್ತಾರೆ.
ಕೆಲಸ ಇದ್ದರೆ ವೀಸಾ, ವೀಸಾ ಇದ್ದರೆ ಈ ಕಾರ್ಡು,
ಕಾರ್ಡು ಇದ್ದರೆ ಎದೆಯ ಡಾಕ್ಟರು,
ಎದೆ ನೆಟ್ಟಗಿದ್ದರೆ ಕೆಲಸ, ಅಂತ ಅವರೇ ನಗುತ್ತಾರೆ.

"ನೂರಕ್ಕೆ ಇಪ್ಪತ್ತು ನನ್ನದು, ಗೊತ್ತು.
ಎಲ್ಲಿಯವರೆಗೆ ನನ್ನದು, ಅದು ಹೇಳು."

ಪರದೆಯನ್ನು ಅವರತ್ತ ತಿರುಗಿಸಿದೆ. ತಿರುಗಿಸಬಾರದು, ನಿಯಮವಿದೆ.
ಅಲ್ಲಿ ಎರಡು ಮಿತಿಗಳು, ಅಕ್ಕಪಕ್ಕ.
ಕಂಪನಿ ಕೊಡುವುದು ನಿಲ್ಲುವ ಮಿತಿ: ಅಂಕಿ ಇದೆ, ದಪ್ಪಗೆ.
ನೀವು ಕೊಡುವುದು ನಿಲ್ಲುವ ಮಿತಿ:
ಅರುವತ್ತೈದು ದಾಟಿದವರ ಸಾಲಿನಲ್ಲಿ
ಒಂದು ಸಣ್ಣ ಅಡ್ಡಗೆರೆ.

ಕನ್ನಡಕ ಏರಿಸಿ ಆ ಗೆರೆಯನ್ನೇ ನೋಡಿದರು,
ತಪ್ಪಿದ ಹೊಲಿಗೆ ನೋಡುವ ಹಾಗೆ.

"ಅಂಚು ಮಡಚಿಲ್ಲ ಇದಕ್ಕೆ," ಅಂದರು.
"ಎಷ್ಟು ಒಳ್ಳೆ ಬಟ್ಟೆಯಾಗಲಿ, ಮಡಚದಿದ್ದರೆ
ಒಂದೊಂದೇ ಎಳೆ ಬಿಡುತ್ತದೆ. ನಿನಗೆ ಕಾಣುವುದಿಲ್ಲ ಮಗಳೇ,
ಒಗೆದಾಗ ಕಾಣುತ್ತದೆ."

ಸ್ವಲ್ಪ ಹೊತ್ತು ಬಿಟ್ಟು:
"ನಲವತ್ತು ವರ್ಷ ಈ ಊರಿಗೆ ಜೇಬು ಹೊಲಿದೆ.
ಜೇಬಿಗೂ ಲೆಕ್ಕ ಇದೆ.
ಕೈಗಿಂತ ಆಳ ಹೊಲಿಯಬಾರದು,
ತಳಕ್ಕೆ ಬಿದ್ದದ್ದು ಸಿಗುವುದಿಲ್ಲ."

ಸ್ಟೆಂಟಿನ ಅಂದಾಜು ಪಟ್ಟಿ ನನ್ನ ಕೈಯಲ್ಲಿತ್ತು.
ಅವರ ಪಾಲು ಏಳು ಸಾವಿರದ ನಾನೂರು ದಿರಮ್,
ಅದೂ ಒಂದೇ ಸ್ಟೆಂಟ್ ಆದರೆ.
ಒಳಗೆ ಹೋದ ಮೇಲೆ ಡಾಕ್ಟರು ಎರಡು ಎನ್ನಬಹುದು.
ಎರಡನೆಯದಕ್ಕೂ ಇಪ್ಪತ್ತು. ಮೂರನೆಯದಕ್ಕೂ.
ಹೇಳಲು ಬಾಯಿ ಬರಲಿಲ್ಲ.
ಪ್ರಿಂಟು ಕೊಟ್ಟೆ.

ಅದನ್ನು ನಾಲ್ಕು ಮಡಿಕೆ ಮಾಡಿ,
ಉಗುರಿನಿಂದ ಗೀರಿ, ಅಂಗಿಯ ಒಳಜೇಬಿಗೆ ಹಾಕಿದರು.
"ಹಬ್ಬದ ಕಂದೂರ ಹದಿನೆಂಟು ಬಾಕಿ. ಆಮೇಲೆ ನೋಡುವ."

ಮದ್ದಿನ ಕೌಂಟರಿನಲ್ಲಿ ಅರ್ಧ ಸ್ಟ್ರಿಪ್ ಕೇಳಿದರು.
ಹುಡುಗ ಕತ್ತರಿ ಹುಡುಕುತ್ತಿದ್ದ.
ತಮ್ಮದನ್ನೇ ತೆಗೆದರು, ನೂಲು ಕತ್ತರಿಸುವ ಸಣ್ಣದು.
ಐದು ಈಚೆ, ಐದು ಆಚೆ,
ಒಂದು ಗುಳಿಗೆಗೂ ಗಾಳಿ ತಾಗದ ಹಾಗೆ.

ರಾತ್ರಿ ರೂಮಿಗೆ ಬಂದು
ನನ್ನ ಕಾರ್ಡನ್ನು ತಿರುಗಿಸಿ ನೋಡಿದೆ.
ನಲವತ್ತೊಂದು ನನಗೆ. ನನ್ನ ಸಾಲಿನಲ್ಲಿ ಅಂಕಿ ಇದೆ:
ಮೂರು ಸಾವಿರ, ಅಷ್ಟಕ್ಕೆ ನಿಲ್ಲುತ್ತದೆ.
ಸಮಾಧಾನವಾಯಿತು, ಸುಳ್ಳೇಕೆ.