ಎರಡನೇ ಕೋಣೆಯ ಹೊದಿಕೆ

ಸೇಬಿನ ಪೆಟ್ಟಿಗೆ ತುಂಬುತ್ತಿದ್ದ ತಗಡಿನ ಶೆಡ್ಡು
ಈಗ ನಮ್ಮ ಹ್ಯೂಆನ್ ಕಣಿವೆಯ ಮ್ಯೂಸಿಯಂ.
ಒಳಹೊಕ್ಕರೆ ಇನ್ನೂ ಹುಳಿಹುಳಿ ವಾಸನೆ.
ಇಸ್ತ್ರಿಪೆಟ್ಟಿಗೆ ಏಳು, ಬೆಣ್ಣೆ ಕಡೆಯುವ ಪೀಪಾಯಿ ಮೂರು,
ಮೇಯರುಗಳ ಗಡ್ಡವಂತೂ ಗೋಡೆ ತುಂಬ.

"ಇಲ್ಲಿ ಇಲ್ಲದವರ ಸಾಮಾನು ಬೇಕಾಗಿದೆ" ಎಂದು
ಬೇಕರಿಯ ಬಾಗಿಲಿಗೆ ಚೀಟಿ ಅಂಟಿಸಿದವಳು ನಾನೇ.
ಮೊದಲ ಶನಿವಾರ ಬಂದದ್ದು
ಎಂಟನೆಯ ಇಸ್ತ್ರಿಪೆಟ್ಟಿಗೆ.

ಎರಡನೆಯ ಶನಿವಾರ ನೆವಿಲ್ ಡಾಸನ್ ಬಂದರು.
ನಮ್ಮನ್ನೆಲ್ಲ ಶಾಲೆಗೆ ಒಯ್ದ ಬಸ್ಸಿನ ಡ್ರೈವರ್.
ಎಂಬತ್ತೊಂದು ತುಂಬಿದ ಕಂಕುಳಲ್ಲಿ
ಕಂದು ಕಾಗದದ ಪೊಟ್ಟಣ; ಬಿಚ್ಚಿದರೆ ಹೊದಿಕೆ,
ಹಳದಿ, ಮೈತುಂಬ ಹತ್ತಿಯ ಗೊಂಡೆ.

ಫಾರಂ ಕೇಳಿದ್ದನ್ನು ನಾನು ಕೇಳಿದೆ.
ಸ್ಥಿತಿ?
"ಹೊಸದರ ಹಾಗೇ ಇದೆ."
ಬಳಕೆ?
"ದಿನಾ. ಮೂವತ್ತಾರು ವರ್ಷ."
ಪೆನ್ನು ನಿಂತಿತು.

"ಮನೆಗೆ ಎರಡು ಕೋಣೆ. ಮಂಚ ಮಾಡಿದವನು ಯಾಪ್,
ಹಾಲೆಂಡಿನಿಂದ ಬಂದ ಬಡಗಿ,
ಕೇಳಿದವರಿಗೆಲ್ಲ ನನ್ನ ಬಾಡಿಗೆದಾರ.
ಇದು ಬಾಡಿಗೆದಾರನ ಹಾಸಿಗೆ.
ಭಾನುವಾರ ಅಕ್ಕ ಬರುವಳು, ಆಗಾಗ ಪಾದ್ರಿ,
ಒಮ್ಮೆ ಪೊಲೀಸಿನವನು, ಯಾರದೋ ನಾಯಿ ಹುಡುಕಿಕೊಂಡು.
ಬೆಳಿಗ್ಗೆ ಎದ್ದವನೇ ಈ ಕೋಣೆಗೆ ಬಂದು
ದಿಂಬಿಗೊಂದು ಗುದ್ದು, ಹೊದಿಕೆಗೊಂದು ಜಗ್ಗು.
ಯಾಪ್ ಅರ್ಧ ಲೋಟ ನೀರಿಡುತ್ತಿದ್ದ.
ಜೇನುಸಾಕಣೆಯ ದಪ್ಪ ಪುಸ್ತಕದಲ್ಲಿ
ವಾರಕ್ಕೆ ಹತ್ತು ಪುಟದಂತೆ ಗುರುತು ಸರಿಸುತ್ತಿದ್ದ.
ಎಷ್ಟು ಸಲ ಮುಗಿಯಿತೋ ಆ ಪುಸ್ತಕ!
ಇವತ್ತಿಗೂ ನಮ್ಮಿಬ್ಬರಿಗೆ
ಜೇನಿನ ಬಗ್ಗೆ ಏನೇನೂ ಗೊತ್ತಿಲ್ಲ."

ಇಬ್ಬರಿಗೆ, ಅಂದರು.
ತಿದ್ದಿಕೊಳ್ಳಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇದು ಯಾರೂ ಕಾಲೇ ಚಾಚದ ಹಾಸಿಗೆ,
ಊರಿನ ಕಣ್ಣಷ್ಟೇ ಇದರ ಮೇಲೆ ಹೊರಳಿ ಹೋಗುತ್ತಿತ್ತು.
ಕಿಟಕಿಯ ಕಡೆಯ ಹಳದಿ ಮಾಸಿದೆ;
ಅಲ್ಲಿ ಬಿಸಿಲು ಮಲಗಿರಬೇಕು.

ಬಸ್ಸಿನ ಹಿಂದಿನ ಸೀಟಿನಲ್ಲಿ ನಾವು
ಏನೇನು ಅಂದು ನಗುತ್ತಿದ್ದೆವೋ ನನಗೆ ನೆನಪಿದೆ.
ಎದುರಿನ ಕನ್ನಡಿಯಲ್ಲಿ ಅವರ ಕಣ್ಣು
ರಸ್ತೆ ಬಿಟ್ಟದ್ದಿಲ್ಲ.
ಅವರಿಗೂ ನೆನಪಿರಬಹುದು.
ಅದಕ್ಕೆ ಫಾರಮ್ಮಿನಲ್ಲಿ ಕಾಲಂ ಇಲ್ಲ.

"ಕಾನೂನು ಬದಲಾಯಿತಲ್ಲ, ತೊಂಬತ್ತೇಳರ ಮೇ ತಿಂಗಳು?
ಮಾರನೆಯ ಬೆಳಿಗ್ಗೆಯೂ ಹೋಗಿ ದಿಂಬಿಗೆ ಗುದ್ದಿದೆ.
ಕೈಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.
ಆಮೇಲೆ ಅಕ್ಕ ಇರುವ ತನಕ ಇರಲಿ ಅಂದುಕೊಂಡೆವು.
ಅವಳಿಗೆ ಮೊದಲಿನಿಂದ ಗೊತ್ತಿತ್ತಂತೆ."

ಇಲ್ಲೊಂದು ಕಲೆ ಇದೆಯಲ್ಲ?

"ಚಹಾ. ಹೋದ ಚಳಿಗಾಲದ್ದು.
ಆಕ್ಸಿಜನ್ ಯಂತ್ರದ ಗೊರಗೊರಕ್ಕೆ
ನನ್ನ ನಿದ್ದೆ ಕೆಡುತ್ತದೆಂದು
ತಾನೇ ಎದ್ದು ಹೋಗಿ ಇಲ್ಲಿ ಮಲಗಿದ.
ಕೊನೆಗೂ ಬಂದನಪ್ಪ ಬಾಡಿಗೆದಾರ, ಅಂದ.
ಹನ್ನೊಂದು ರಾತ್ರಿ."

ಇದನ್ನು ಬಳಸಿದವರು ನಿಮಗೇನಾಗಬೇಕು,
ಉಳಿದದ್ದು ಆ ಒಂದು ಪ್ರಶ್ನೆ.
ಪೆನ್ನು ತಾವೇ ಇಸಿದುಕೊಂಡರು.
ಅಭ್ಯಾಸಬಲ; 'ಬಾಡಿಗೆ' ತನಕ ಬರೆದು ನಿಲ್ಲಿಸಿ,
ಗೀಟೆಳೆದು, ಪಕ್ಕದಲ್ಲಿ
'ಮನೆಯವನು' ಅಂತ ಬರೆದರು.
ಹೊಸ ಫಾರಂ ಕೊಡಲೇ ಎಂದೆ.
ಬೇಡ, ಅಂದರು.

ಬಟ್ಟೆ ಬಂದರೆ ಎರಡು ವಾರ ಫ್ರೀಜರಿನಲ್ಲಿಡುವುದು
ಇಲ್ಲಿಯ ರೂಢಿ, ಹುಳು ಸಾಯಲೆಂದು.
ಕಲೆ ತೊಳೆಯುವಂತಿಲ್ಲ.
ಬಿಳಿ ಕಾಗದವಿಟ್ಟು ಮಡಿಚುವಾಗ
ನನ್ನ ಅಂಗೈ ತಾನಾಗಿ ಸುಕ್ಕು ನೀವಲು ಹೋಯಿತು.
ತಡೆದುಕೊಂಡೆ. ಸುಕ್ಕೇ ಅಲ್ಲವೇ
ಅವರು ದಿನಾ ಮಾಡಿದ ಕೆಲಸ.

ಮಂಗಳವಾರ, ಬೀಗ ತೆಗೆಯುವ ಮೊದಲೇ,
ಮೆಟ್ಟಿಲ ಮೇಲೆ ಮತ್ತೆ ಅವರು.
ಮಡಿಲಲ್ಲಿ ಜೇನಿನ ಪುಸ್ತಕ.
ನೂರ ಹನ್ನೆರಡನೆಯ ಪುಟದಲ್ಲಿ
ಉಳಿ ತೆಗೆದ ತೆಳ್ಳನೆಯ ಮರದ ಸಿಪ್ಪೆ.

"ಇದನ್ನೂ ಇಟ್ಟುಕೊಳ್ಳಿ.
ಆದರೆ ಈ ಗುರುತು
ಇನ್ನು ಯಾರೂ ಸರಿಸಬೇಡಿ."